ಪಾಪ ನಮಗಿರ್ಲಿ ಬಿಡ್ರಿ

"ಅಕ್ಕಾರ, ನೀವು ಒಂದ್ ತಾಸು ಹೊರಗ ಕುಂದರ್ರಿ. ಪಾಪ-ಗೀಪ ಎಲ್ಲಾ ನಮಗಿರ್ಲಿ ಬಿಡ್ರಿ."

ಜಿರಲೆ ಔಷಧ ಹಾಕಲು ಬಂದ ಹುಡುಗ ಹೀಗೆಂದು ನಕ್ಕ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಗೊಮ್ಮಟನ ಕ್ಯಾಲೆಂಡರು ನೋಡಿ ನಾವು ಜೈನರೆಂದು ಅವನಿಗೆ ಗೊತ್ತಾಗಿತ್ತು. ನಾನೂ ನಕ್ಕು ಕುರ್ಚಿ ಎಳೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತೆ. ಐದು ನಿಮಿಷ ಆಗಿರಲಿಲ್ಲ, ನನ್ನ ಅಜ್ಜಿ, ಆಯಿ, ನೆನಪಾದಳು. ಅವಳಿದ್ದಿದ್ದರೆ ಹುಡುಗನಿಗೆ ಮಜ್ಜಿಗೆ ಕೊಟ್ಟು ಕೂಡ್ರಿಸಿ, "ಪಾಪ ಅಂದ್ರ ಜೋಳದ ಚೀಲ ಅಲ್ಲೋ ತಮ್ಮಾ, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಹೊರಸಾಕ" ಎನ್ನುತ್ತಿದ್ದಳು.

ನಮ್ಮಲ್ಲಿ ಈ ಲೆಕ್ಕ ಬಹಳ ಬಿಗಿ. ತಾನೇ ಮಾಡಿದ್ದು ಕೃತ, ಬೇರೆಯವರ ಕೈಲಿ ಮಾಡಿಸಿದ್ದು ಕಾರಿತ, ಯಾರೋ ಮಾಡಿದ್ದಕ್ಕೆ ಒಳಗೊಳಗೇ ಹೂಂ ಅಂದದ್ದು ಅನುಮೋದನೆ. ಮೂರೂ ನಮ್ಮ ಖಾತೆಗೇ. ಈ ಮೂರನ್ನು ಮನಸ್ಸು, ಮಾತು, ಮೈ ಎಂಬ ಮೂರರಿಂದ ಗುಣಿಸಬೇಕು. ಮಾಡಬೇಕೆಂದುಕೊಳ್ಳುವುದು, ಸಾಮಾನು ಹೊಂದಿಸುವುದು, ಕೈ ಹಾಕುವುದು ಎಂಬ ಮೂರು ಹಂತಗಳಿಂದ ಮತ್ತೆ ಗುಣಿಸಬೇಕು. ಆಮೇಲೆ ಕ್ರೋಧ, ಮಾನ, ಮಾಯೆ, ಲೋಭ ನಾಲ್ಕರಿಂದ. ಬರುವ ಮೊತ್ತ 108. ಜಪಮಾಲೆಗೆ ಅಷ್ಟು ಮಣಿ ಇರುವುದು ಇದಕ್ಕೇ ಎಂದು ಆಯಿ ಮಣಿ ಎಣಿಸುತ್ತಲೇ ಹೇಳಿಕೊಟ್ಟಿದ್ದಳು. ಹುಡುಗನಿಗೆ ಫೋನ್ ಮಾಡಿದವಳು ನಾನು. 1,800 ರೂಪಾಯಿ ಅಂದದ್ದನ್ನು 1,500ಕ್ಕೆ ಇಳಿಸಿದವಳೂ ನಾನು. ಅಂದರೆ ಲೋಭದ ಮಣಿಯೂ ಉರುಳಿತು.

ಇನ್ನೊಂದು ಲೆಕ್ಕವೂ ಇದೆ, ಅದು ನನಗೆ ಇನ್ನೂ ಇರುಸುಮುರುಸು. ಸಂಸಾರಸ್ಥರ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತಾರೆ. ಅಡುಗೆ ಮಾಡುವಾಗ, ಕಸ ಹೊಡೆಯುವಾಗ ಆಗಿಹೋಗುವುದು ಆರಂಭಿ. ಹೊಟ್ಟೆಪಾಡಿನ ಕೆಲಸದಲ್ಲಿ ಆಗುವುದು ಉದ್ಯೋಗಿ. ಮೈಮೇಲೆ ಬಂದವರನ್ನು ತಡೆಯುವಾಗ ಆಗುವುದು ವಿರೋಧಿ. ಕೊಲ್ಲಬೇಕೆಂದೇ ಕೊಲ್ಲುವುದು ಸಂಕಲ್ಪಿ. ಮೊದಲ ಮೂರನ್ನು ಆದಷ್ಟು ಕಡಿಮೆ ಮಾಡಬೇಕು, ನಾಲ್ಕನೆಯದನ್ನು ಬಿಡಲೇಬೇಕು. ಆ ಹುಡುಗನದು ಉದ್ಯೋಗಿ. ವಿಷದ ವ್ಯಾಪಾರ ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ಕೂಡದ ದಂಧೆಗಳ ಪಟ್ಟಿಯಲ್ಲಿದೆ, ನಿಜ. ಆದರೆ ಅವನು ಶ್ರಾವಕನಲ್ಲ, ಅವನಿಗೆ ತಂಗಿಯ ಮದುವೆ ಸಾಲವಿದೆ. ನನ್ನದು ಸಂಕಲ್ಪಿ. ಪಾಪ ತನಗಿರಲಿ ಎಂದವನಿಗಿಂತ ಕಟ್ಟೆಯ ಮೇಲೆ ಕೂತವಳ ಪಾಲೇ ದೊಡ್ಡದು.

ಒಳಗಿಂದ ಕರೆದು ತೋರಿಸಿದ. ಸ್ಪ್ರೇ ಹೊಡೆದಿರಲಿಲ್ಲ. ಸಿರಿಂಜಿನಂಥ ಕೊಳವೆಯಿಂದ ಕಂದು ಬಣ್ಣದ ಅಂಟನ್ನು ಸಾಸಿವೆ ಕಾಳಿನಷ್ಟು, ಕಪಾಟಿನ ಬಿಜಾಗರಿಯ ಸಂದಿಯಲ್ಲಿ, ಸಿಂಕಿನ ಕೆಳಗೆ, ಫ್ರಿಜ್ಜಿನ ಹಿಂದೆ ಅಲ್ಲಲ್ಲಿ ಇಟ್ಟಿದ್ದ. "ಇದು ಸಿಹಿ ಇರ್ತದ್ರಿ. ತಿಂದದ್ದು ಇಲ್ಲೇ ಸಾಯಂಗಿಲ್ಲ, ತನ್ನ ಗೂಡಿಗೆ ಹೋಗಿ ಸಾಯ್ತದ. ಅದರ ಹೇಲು ತಿಂದ ಮರಿ, ಅದರ ಹೆಣ ತಿಂದ ಮತ್ತೊಂದು, ಹಿಂಗ ಎಲ್ಲಾ ಹೊಕ್ಕಾವು." ಅವನ ಮಾತಿನಲ್ಲಿ ಕಸುಬಿನ ಹೆಮ್ಮೆಯಿತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಅದು ಜಾಣ ಉಪಾಯ ಎನಿಸಿತು. ಆಯಿಯ ಮೊಮ್ಮಗಳಿಗೆ ಹೊಟ್ಟೆ ತೊಳಸಿತು.

ಜಿರಲೆ ನನಗೆ ಹೊಸಬನಲ್ಲ. ಬಿ.ಎಸ್ಸಿ.ಯಲ್ಲಿ ಅದನ್ನು ಮೇಣದ ತಟ್ಟೆಯಲ್ಲಿ ಮಲಗಿಸಿ, ಗುಂಡುಸೂಜಿ ಚುಚ್ಚಿ, ಲಾಲಾಗ್ರಂಥಿಯನ್ನು ಹರಿಯದಂತೆ ಬಿಡಿಸಿ ತೆಗೆದು ಇಪ್ಪತ್ತಕ್ಕೆ ಹದಿನೆಂಟು ಅಂಕ ತಗೊಂಡವಳು ನಾನು. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ರಜೆಗೆ ಊರಿಗೆ ಹೋದಾಗ ಆಯಿ ನನ್ನ ಕೈ ಮೂಸಿ ನೋಡಿ, "ಏನೋ ಔಷಧದ ವಾಸನಿ" ಅಂದಳು. ಸಾಬೂನು ಎಂದೆ.

ಆಯಿಯ ಮನೆ ಬೆಳಗಾವಿ ಕಡೆಯ ಹಳ್ಳಿಯಲ್ಲಿ. ಬಾವಿಯಿಂದ ನೀರು ಸೇದಿದೊಡನೆ ಎರಡು ಪದರದ ಖಾದಿ ಅರಿವೆಯಲ್ಲಿ ಸೋಸಬೇಕು. ಸೋಸಿದ ಮೇಲೆ ಅರಿವೆಯನ್ನು ಹಾಗೇ ಹಿಂಡುವಂತಿಲ್ಲ. ಅದನ್ನು ತಿರುವಿ ಹಿಡಿದು ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ಸಣ್ಣ ಕೊಡದಲ್ಲಿ ಹಗುರಾಗಿ ಅದೇ ಬಾವಿಗೆ ಇಳಿಸಬೇಕು. ಅದಕ್ಕೆ ಜೀವಾಣಿ ಅನ್ನುತ್ತಾರೆ. ಯಾವ ಬಾವಿಯ ಜೀವವೋ ಆ ಬಾವಿಗೇ. ಎತ್ತರದಿಂದ ಸುರಿದರೆ ಅವಕ್ಕೆ ನೋವಾಗುತ್ತದೆಂದು ಹಗ್ಗ ಪೂರ್ತಿ ಬಿಡಬೇಕಿತ್ತು. ಸೋಸಿದ ನೀರೂ 48 ನಿಮಿಷಕ್ಕೇ ಹಳತು, ಮತ್ತೆ ಸೋಸಬೇಕು. ಹೊತ್ತು ಮುಳುಗುವುದರೊಳಗೆ ಊಟ, ಪಾತ್ರೆ, ಒಲೆ ಎಲ್ಲ ಮುಗಿದಿರಬೇಕು. ರಾತ್ರಿಯ ಅಡುಗೆಮನೆಯಲ್ಲಿ ಒಂದು ಅಗುಳೂ ಬಿದ್ದಿರುತ್ತಿರಲಿಲ್ಲ. ಜಿರಲೆ ಬಂದು ಮಾಡುವುದಾದರೂ ಏನು? ಆ ಮನೆಯಲ್ಲಿ ಕೀಟನಾಶಕದ ಡಬ್ಬಿ ಇರಲಿಲ್ಲ, ಕೀಟಗಳೂ ಹೆಚ್ಚಿರಲಿಲ್ಲ. ಹೊರಸಿನಲ್ಲಿ ತಗಣಿ ಆದರೆ ಬಿಸಿಲಿಗೆ ಹಾಕಿ, ಬದುವಿನ ಮೇಲೆ ತಟ್ಟಿ ಬರುತ್ತಿದ್ದರು.

ಇದನ್ನೆಲ್ಲ ನಾನು ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಒಂದು ವರ್ಷ ಹಗೇವಿನ ಪಾಠ ಮಾಡುವಾಗ ನಾಲಿಗೆ ತಡವರಿಸಿತು. ಹಗೇವು ಅಂದರೆ ಜೋಳ ತುಂಬಿಡುವ ನೆಲಗುಂಡಿ. ಗಟ್ಟಿ ನೆಲದಲ್ಲಿ ಆಳುದ್ದ ತೋಡಿ, ಸುತ್ತ ಜೋಳದ ಕಣಿಕೆ ಹೊದಿಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುತ್ತಾರೆ. ವರ್ಷ ಕಳೆದು ತೆಗೆದರೂ ನುಸಿ ಇರುವುದಿಲ್ಲ. "ನಮ್ಮ ಹಗೇವಿನ್ಯಾಗ ನುಸಿ ಹುಟ್ಟಂಗಿಲ್ಲ, ಧರ್ಮದ ಕಾಳು ಅದು" ಎಂಬುದು ಆಯಿಯ ಜಂಬ. ಆದರೆ ಹಗೇವು ತೆರೆದ ದಿನ ಯಾರನ್ನೂ ತಕ್ಷಣ ಒಳಗೆ ಇಳಿಸುತ್ತಿರಲಿಲ್ಲ. ಕಲ್ಲು ಸರಿಸಿ ಗಾಳಿಯಾಡಲು ಬಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಕಾಳು, ನುಸಿ ಎರಡೂ ಉಸಿರಾಡಿ ಒಳಗಿನ ಆಮ್ಲಜನಕ ಖರ್ಚಾಗಿ ಇಂಗಾಲದ ಡೈಆಕ್ಸೈಡು ತುಂಬಿರುತ್ತದೆ. ನುಸಿ ಹುಟ್ಟಿರಲಿಲ್ಲ ಎಂದಲ್ಲ, ಹುಟ್ಟಿದ್ದು ಉಸಿರುಗಟ್ಟಿತ್ತು. ತೊಗರಿಬೇಳೆಗೆ ಔಡಲೆಣ್ಣೆ ಸವರಿ ಇಡುತ್ತಿದ್ದುದೂ ಹಾಗೆಯೇ, ಮೊಟ್ಟೆಯ ಉಸಿರು ಕಟ್ಟುತ್ತದೆ. ನಮ್ಮ ಅಹಿಂಸೆಯ ಜೋಳದ ರೊಟ್ಟಿಯ ಅಡಿಯಲ್ಲಿ ಒಂದು ಕತ್ತಲೆಯ ಗುಂಡಿ ಇತ್ತು. ಯಾರೂ ಕೊಂದಿರಲಿಲ್ಲ. ಎಲ್ಲರೂ ಸೇರಿ ಬಾಯಿ ಮುಚ್ಚಿದ್ದರು, ಅಷ್ಟೇ.

ಇದು ನಮ್ಮವರ ಕಥೆಯಷ್ಟೇ ಅಲ್ಲ. ಪಕ್ಕದ ಮನೆಯ ಸಂಸ್ಕೃತ ಮಾಸ್ತರರು ಹೇಳಿದ್ದು: ಗೃಹಸ್ಥನ ಮನೆಯಲ್ಲಿ ಐದು ಕಸಾಯಿಖಾನೆಗಳಿವೆ ಎಂದು ಮನುಸ್ಮೃತಿ ಎಣಿಸುತ್ತದೆ, ಒಲೆ, ಬೀಸುಕಲ್ಲು, ಕಸಬರಿಗೆ, ಒರಳು-ಒನಕೆ, ನೀರಿನ ಕೊಡ. ಇವುಗಳ ಪಾಪ ಕಳೆಯಲು ದಿನಾ ಐದು ಯಜ್ಞ. ಅದರಲ್ಲಿ ಒಂದು, ಕಾಗೆ ಇರುವೆಗಳಿಗೆ ಅನ್ನ ಇಡುವುದು. ಕಸಬರಿಗೆಯಿಂದ ಇರುವೆ ಸತ್ತ ಪಾಪಕ್ಕೆ ಇರುವೆಗೇ ಅನ್ನ! ಮಾಸ್ತರರೂ ನಾನೂ ಬಹಳ ಹೊತ್ತು ನಕ್ಕೆವು. ಆದರೆ ಅಷ್ಟು ಹಿಂದೆಯೇ ಯಾರೋ ಒಲೆಯ ಮುಂದೆ ಕೂತು ಎಣಿಸಿದ್ದಾರಲ್ಲ, ಅದು ಸಣ್ಣ ಮಾತಲ್ಲ.

ಇನ್ನು ಬೋಗುಣಿಯ ವಿಷಯ. ಇದನ್ನು ಹೇಳದೆ ಮುಂದೆ ಹೋಗಲಾರೆ.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಗುಬ್ಬಿಗಳಿಗೆಂದು ಹಿತ್ತಲ ಕಟ್ಟೆಯ ಮೇಲೆ ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟೆ. ದಿನಾ ಬೆಳಿಗ್ಗೆ ಣಮೋಕಾರ ಹೇಳುತ್ತ ಒಂದು ತಂಬಿಗೆ ನೀರು ಹಾಕುವುದು ರೂಢಿಯಾಯಿತು. ಮಳೆಗಾಲ ಬಂತು, ಗುಬ್ಬಿ ಬರುವುದು ನಿಂತಿತು, ನನ್ನ ರೂಢಿ ನಿಲ್ಲಲಿಲ್ಲ. ಆಗಸ್ಟಿನಲ್ಲಿ ಮಗಳು ಮೊಮ್ಮಗನನ್ನು ಕರೆದುಕೊಂಡು ಬಂದಳು. ಹತ್ತು ದಿನಕ್ಕೆ ಹುಡುಗನಿಗೆ ಜ್ವರ, ಕಣ್ಣಿನ ಹಿಂದೆ ನೋವು. ಡೆಂಗ್ಯೂ. ಪ್ಲೇಟ್‌ಲೆಟ್ ನಲವತ್ತೆರಡು ಸಾವಿರಕ್ಕೆ ಇಳಿಯಿತು. ಆ ನಾಲ್ಕು ದಿನದ ಬಗ್ಗೆ ಬರೆಯುವುದಿಲ್ಲ. ಹುಡುಗ ಉಳಿದ.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಆಶಾ ಕಾರ್ಯಕರ್ತೆ ಬಂದು ಓಣಿಯ ಮನೆಮನೆಯ ನೀರು ನೋಡಿದಳು. ಡ್ರಮ್ಮು, ಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ ನೋಡಿ, ಬೋಗುಣಿಗೆ ಬ್ಯಾಟರಿ ಬಿಟ್ಟು, "ಇಲ್ಲಿ ನೋಡ್ರಿ ಅಕ್ಕಾರ, ಹೆಂಗ ಕುಣ್ಯಾಕತ್ತಾವು" ಅಂದಳು. ಬಗ್ಗಿ ನೋಡಿದೆ. ಬೆಳಕು ಬಿದ್ದೊಡನೆ ನೂಲಿನೆಳೆಯಂಥ ಹುಳುಗಳು ಕೊಂಕುತ್ತ ತಳಕ್ಕಿಳಿದವು. ಸ್ವಲ್ಪ ಹೊತ್ತಿಗೆ ಒಂದೊಂದೇ ಮೇಲೆ ಬಂದು, ಬಾಲದ ಕೊಳವೆಯನ್ನು ನೀರಿನ ಮೈಗೆ ತಾಗಿಸಿ ತಲೆಕೆಳಗಾಗಿ ತೂಗುತ್ತ ಉಸಿರೆಳೆದವು. ಸಾವಿರ ಸಲ ಕರಿಹಲಗೆಯ ಮೇಲೆ ಬರೆದ ಚಿತ್ರ. ಈಡಿಸ್ ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಇಡುವುದಿಲ್ಲ, ನೀರಿನ ಅಂಚಿಗಿಂತ ಒಂದೆಳೆ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮೇಲೆ ನೀರು ಏರಿ ಮುಳುಗಿದಾಗ ಒಡೆಯುತ್ತದೆ. ದಿನಾ ಒಂದು ತಂಬಿಗೆ ಹಾಕಿ ನೀರು ಏರಿಸಿದವಳು ನಾನು. ಹಾಕುತ್ತಿದ್ದೆ, ಒಂದು ದಿನವೂ ತಿಕ್ಕಿರಲಿಲ್ಲ. ಆಸ್ಪತ್ರೆಯಲ್ಲಿ ದೇವರೇ ಎಂದು ಬೇಡಿಕೊಂಡಾಗಲೂ ಈ ಬೋಗುಣಿ ಹಿತ್ತಲಲ್ಲಿ ಹೀಗೇ ಕುಣಿಯುತ್ತಿತ್ತು.

ಆ ಕಚ್ಚಿದ ಸೊಳ್ಳೆ ಇದೇ ಬೋಗುಣಿಯದು ಎನ್ನಲು ಪುರಾವೆ ಇಲ್ಲ. ಅಲ್ಲ ಎನ್ನಲೂ ಇಲ್ಲ.

ನೀರನ್ನು ಎಲ್ಲಿ ಚೆಲ್ಲಲಿ? ಬಾವಿಯ ಜೀವ ಬಾವಿಗೆ ಎಂದು ಆಯಿ ಕಲಿಸಿದ್ದಳು. ಈ ಬೋಗುಣಿಯ ಜೀವಕ್ಕೆ ಮರಳಲು ಬಾವಿಯೇ ಇಲ್ಲ, ಅವು ನನ್ನ ಕೈಯಲ್ಲೇ ಹುಟ್ಟಿದವು. ಬಿಸಿಲಿಗೆ ಕಾದ ಫರಸಿಯ ಮೇಲೆ ಸುರಿದೆ. ನೀರು ಹರಡಿತು, ಅಂಚಿನಿಂದ ಒಣಗುತ್ತ ಬಂತು, ಉಳಿದ ತೇವದಲ್ಲಿ ಅವು ಇನ್ನೂ ಕೊಂಕುತ್ತಿದ್ದವು. ನಾನು ನಿಂತು ನೋಡಿದೆ. ಓಡಿಹೋಗಬಾರದು ಅನ್ನಿಸಿತು.

ಆ ರಾತ್ರಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ತೆಗೆದೆ. ಉಮಾಸ್ವಾತಿಗಳು ಹಿಂಸೆಗೆ ಕೊಡುವ ಲಕ್ಷಣದಲ್ಲಿ ಕೊಲ್ಲುವುದಕ್ಕಿಂತ ಮುಂಚೆ ಬರುವ ಮಾತು ಪ್ರಮಾದ. ಮೈಮರೆತ ನಡವಳಿಕೆಯಿಂದ ಪ್ರಾಣ ಹೋಗುವುದೇ ಹಿಂಸೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಎಳೆಯುತ್ತಾರೆ: ಎಚ್ಚರದಿಂದ ನಡೆದವನ ಕಾಲ ಕೆಳಗೆ ಹುಳು ಸತ್ತರೂ ಹಿಂಸೆಯಲ್ಲ, ಎಚ್ಚರಗೇಡಿಯ ಮುಂದೆ ಏನೂ ಸಾಯದಿದ್ದರೂ ಹಿಂಸೆ ಆಗಿಯೇ ಹೋಯಿತು. ಓದಿದ್ದೇ, ಕಲಿಸಿದ್ದೇ. ಆವತ್ತು ಬೋಗುಣಿ ಕಣ್ಣ ಮುಂದಿತ್ತು. ಹುಳು ಸತ್ತದ್ದು ಫರಸಿಯ ಮೇಲಲ್ಲ, ಜೂನ್ ತಿಂಗಳಲ್ಲಿ ತಿಕ್ಕದೆ ಬಿಟ್ಟ ಒಂದು ಬೆಳಿಗ್ಗೆ. ಜಿರಲೆಯ ಮಾತೂ ಅದೇ. ನಮ್ಮ ಅಡುಗೆಮನೆಯ ಸಣ್ಣ ಜರ್ಮನ್ ಜಿರಲೆಯ ಹೆಣ್ಣು ಮೊಟ್ಟೆಚೀಲವನ್ನು ಮರಿಯಾಗುವ ತನಕ ಬೆನ್ನ ತುದಿಯಲ್ಲೇ ಹೊತ್ತು ತಿರುಗುತ್ತದೆ. ಒಂದು ಚೀಲದಲ್ಲಿ ಮೂವತ್ತು ನಲವತ್ತು ಮರಿ. ಟಿ.ವಿ. ನೋಡುತ್ತ ಊಟ ಮಾಡಿ ತಟ್ಟೆಯನ್ನು ಬೆಳಗಿನ ತನಕ ಸಿಂಕಿನಲ್ಲಿ ಬಿಟ್ಟ ರಾತ್ರಿಗಳಿಗೆ ಅಷ್ಟಷ್ಟು ಮರಿ. ಆ ಹುಡುಗ ಬಂದದ್ದು ಕೊನೆಗೆ.

ಇಷ್ಟು ಹೊಳೆದಾಗ ಸಮಾಧಾನವಾಯಿತು. ಬಹಳ ಸಮಾಧಾನ. ಅಲ್ಲೇ ಅನುಮಾನವೂ ಬಂತು. ಎಚ್ಚರವಾಗಿದ್ದರೆ ಪಾಪವಿಲ್ಲ ಅನ್ನುವುದು ಸುಲಭ. ಆ ಎಚ್ಚರ ಯಾರದು? ಆಯಿಯ ಮನೆಯಲ್ಲಿ ಒಂದು ಅಗುಳೂ ಬೀಳುತ್ತಿರಲಿಲ್ಲ ಅಂದೆನಲ್ಲ, ಅದನ್ನು ಒರೆಸುತ್ತಿದ್ದವಳು ಅವ್ವ. ನಸುಕಿನ ನಾಲ್ಕಕ್ಕೆ ಎದ್ದು ನಾಲ್ಕು ಕೋಣೆ ಕಸ ಹೊಡೆದು, ಹತ್ತು ಕೊಡ ಸೋಸಿ, ಜೀವಾಣಿ ಇಳಿಸಿ, ಕಾಳು ಒಂದೊಂದೇ ಆರಿಸಿದ ಸೊಸೆ. ಆಯಿಯ ಅಹಿಂಸೆ ಅವ್ವನ ಬೆನ್ನ ಮೇಲೆ ನಿಂತಿತ್ತು. ವಾರಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ, ಬೆಳಿಗ್ಗೆ ಆರಕ್ಕೆ ನಾಲ್ಕು ಮನೆಯ ಪಾತ್ರೆ ತಿಕ್ಕಲು ಹೋಗುವವಳ ಡ್ರಮ್ಮಿನಲ್ಲಿ ಸೊಳ್ಳೆ ಹುಟ್ಟಿದರೆ ಅದನ್ನೂ ಪ್ರಮಾದ ಎನ್ನಲೇ? ನನಗೆ ಬಾಯಿ ಬರುವುದಿಲ್ಲ.

ಅವ್ವ ಒಮ್ಮೆ ಚೇಳು ಕೊಂದಿದ್ದಳು. ತಮ್ಮ ಆಗ ತೊಟ್ಟಿಲ ಕೂಸು. ರಾತ್ರಿ ತೊಟ್ಟಿಲ ಹಗ್ಗದ ಮೇಲೆ ಚೇಳು ಇಳಿಯುತ್ತಿತ್ತು. ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಅವ್ವ ಅದನ್ನು ಕಸಬರಿಗೆಯಿಂದ ಕೆಳಕ್ಕೆ ಕೆಡವಿ, ಒರಳಿನ ಪಕ್ಕದ ಗುಂಡುಕಲ್ಲು ಎತ್ತಿ ಹಾಕಿದಳು. ಸಪ್ಪಳಕ್ಕೆ ಆಯಿ ಎದ್ದು ಬಂದಳು. ನಾನು ಬೈಗಳಕ್ಕೆ ಕಾದೆ. ಆಯಿ ಏನೂ ಅನ್ನಲಿಲ್ಲ. ಕೂಸನ್ನು ಎತ್ತಿ ಅವ್ವನ ಮಡಿಲಿಗೆ ಹಾಕಿ, ತಾನೇ ನೆಲ ಒರೆಸಿದಳು. ಮರುದಿನ ನೀರೂ ಮುಟ್ಟಲಿಲ್ಲ. "ಕೊಂದಾಕಿ ಅವ್ವ, ಉಪವಾಸ ನೀ ಯಾಕ ಮಾಡ್ತಿ?" ಎಂದು ಕೇಳಿದೆ. ಮಣಿ ಎಣಿಸುತ್ತಿದ್ದ ಕೈ ನಿಲ್ಲಿಸಿ, "ಅದು ಸತ್ತದ್ದು ನೋಡಿ ನನಗ ಖುಷಿ ಆತಲ್ಲ ಅಂತ" ಎಂದಳು.

ಅವ್ವನಿಗೆ ಉಪವಾಸ ಮಾಡು ಎಂದು ಆಕೆ ಹೇಳಲಿಲ್ಲ. ಅವ್ವನದು ವಿರೋಧಿ, ತನ್ನದು ಅನುಮೋದನೆ ಎಂದು ಲೆಕ್ಕ ಹಾಕಿದಳೋ, ಹಾಲುಣಿಸುವ ಸೊಸೆಗೆ ಉಪವಾಸ ಬೇಡವೆಂದು ತಾನು ಹೊತ್ತಳೋ, ಈಗಲೂ ನನಗೆ ಬಗೆಹರಿದಿಲ್ಲ. ಜನ್ನನ ಯಶೋಧರ ಚರಿತೆಯಲ್ಲಿ ರಾಜ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟು ಜನ್ಮಜನ್ಮ ಪ್ರಾಣಿಯಾಗಿ ಹುಟ್ಟುತ್ತಾನೆ. ಸತ್ತದ್ದು ಬರೀ ಹಿಟ್ಟು, ಕೊಂದದ್ದು ಮನಸ್ಸು. 1209ರ ಆ ಕಾವ್ಯವನ್ನು ಓದಿದಾಗಲೆಲ್ಲ ಇದೇನು ಅತಿಯಾಯಿತು ಅನ್ನಿಸುತ್ತಿತ್ತು. ಆಯಿ ಅದನ್ನು ಓದಿರಲಿಲ್ಲ, ಅವಳಿಗೆ ಓದು ಬರುತ್ತಿರಲಿಲ್ಲ.

ಇಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದರಲ್ಲಿ ನಾನು ಸೋತವಳು. ಅಂಟಿನ ಹಲಗೆ ಒಮ್ಮೆ ತಂದು, ಅದಕ್ಕಂಟಿದ ಮರಿ ರಾತ್ರಿಯಿಡೀ ಚೀರಿದ್ದು ಕೇಳಿ, ಇನ್ನೆಂದೂ ತರಲಿಲ್ಲ. ಬೋನಿನಲ್ಲಿ ಹಿಡಿದು ಕೆರೆಯ ಆಚೆ ಬಿಟ್ಟು ಬರುತ್ತೇನೆ. ಅಲ್ಲಿ ಮೂರು ನಾಯಿಗಳು ನನ್ನ ಸ್ಕೂಟಿಯ ಸಪ್ಪಳ ಗುರುತು ಹಿಡಿದಿವೆ.

ಹೋದ ಚಾತುರ್ಮಾಸದಲ್ಲಿ ನಮ್ಮ ಬಸದಿಗೆ ಮುನಿ ಮಹಾರಾಜರು ಬಂದಿದ್ದರು. ಮಳೆಗಾಲದಲ್ಲಿ ಹುಳುಹುಪ್ಪಟೆ ಹೆಚ್ಚು, ನಡೆದರೆ ತುಳಿದು ಸಾಯುತ್ತವೆಂದು ಮುನಿಗಳು ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುತ್ತಾರೆ. ಅದೇ ನಾಲ್ಕು ತಿಂಗಳು ಔಷಧದ ಹುಡುಗನಿಗೆ ಬಿಡುವಿರುವುದಿಲ್ಲ. ನಾನು ಮೇಷ್ಟ್ರು ಬುದ್ಧಿ ಬಿಡದೆ ಕೇಳಿದೆ. ಇರುವೆ ಮೂರು ಇಂದ್ರಿಯದ್ದು, ಸೊಳ್ಳೆ ನಾಲ್ಕು ಇಂದ್ರಿಯದ್ದು ಎಂದು ನಮ್ಮ ಶಾಸ್ತ್ರ. ಆದರೆ ಇರುವೆಗೆ ಕಣ್ಣಿವೆ. ಗಂಡುಸೊಳ್ಳೆ ಹೆಣ್ಣಿನ ರೆಕ್ಕೆಯ ಗುಂಯ್‌ಗುಡುವಿಕೆಯನ್ನು ಮೀಸೆಯಿಂದ ಕೇಳಿಸಿಕೊಳ್ಳುತ್ತದೆ. ಹಾಗಾದರೆ ಅದು ಐದು ಇಂದ್ರಿಯದ್ದೇ ಆಯಿತಲ್ಲ, ಅದನ್ನು ಕೊಂದರೆ ಲೆಕ್ಕ ಹೇಗೆ?

ಮಹಾರಾಜರು ನವಿಲುಗರಿಯ ಪಿಂಛಿಯನ್ನು ಮಡಿಲಲ್ಲಿ ಸರಿಮಾಡಿಕೊಂಡು, "ನಿಮ್ಮ ಓಣಿಗೆ ನೀರು ಎಷ್ಟು ದಿನಕ್ಕ ಬರ್ತದ?" ಎಂದು ಕೇಳಿದರು.

"ವಾರಕ್ಕ, ಎಂಟ ದಿನಕ್ಕ."

"ಡ್ರಮ್ಮಿಗೆ ಏನು ಮುಚ್ಚೀರಿ?"

ಪ್ಲಾಸ್ಟಿಕ್ ಮುಚ್ಚಳವೊಂದಿತ್ತು, ಒಂದು ಕಡೆ ಒಡೆದಿತ್ತು. ಹಾಗೆಂದೆ. ಅವರು ಬೇರೆಯವರ ಕಡೆ ತಿರುಗಿದರು.

ಮನೆಗೆ ಬಂದು ಟ್ರಂಕಿನಲ್ಲಿದ್ದ ಆಯಿಯ ಸೋಸುವ ಅರಿವೆ ತೆಗೆದೆ. ಅರಿಷಿನ ಬಣ್ಣಕ್ಕೆ ತಿರುಗಿತ್ತು, ಎಳೆ ಇನ್ನೂ ಗಟ್ಟಿ. ಡ್ರಮ್ಮನ್ನು ತಿಕ್ಕಿ ತೊಳೆದೆ. ಗೋಡೆಗೆ ಅಂಟಿದ್ದ ಮೊಟ್ಟೆಗಳೂ ಅದರಲ್ಲಿ ಹೋದವು, ಅದೂ ಗೊತ್ತಿದ್ದೇ ತಿಕ್ಕಿದೆ. ನೀರು ತುಂಬಿ ಬಾಯಿಗೆ ಅರಿವೆ ಬಿಗಿದು ಸುತ್ತ ದಾರ ಕಟ್ಟಿದೆ. ಎರಡು ದಿನ ಬಿಟ್ಟು ನೋಡಿದರೆ ಅದರ ಮೇಲೆ ಒಂದು ಸೊಳ್ಳೆ ಕೂತಿತ್ತು, ಕಾಲಿಗೆ ಬಿಳಿ ಪಟ್ಟಿಯದ್ದು. ಅತ್ತಿತ್ತ ನಡೆದಾಡಿ ಎದ್ದು ಹೋಯಿತು. ಎಲ್ಲಿಗೋ ಹೋಗಿರಬೇಕು, ಯಾರದೋ ಡ್ರಮ್ಮಿಗೆ. ಮರುದಿನ ಪೇಟೆಗೆ ಹೋಗಿ ಆರು ಮೀಟರು ಖಾದಿ ತಂದು, ಓಣಿಯ ಡ್ರಮ್ಮುಗಳಿಗೆ ಅಳತೆ ಮಾಡಿ ಕತ್ತರಿಸಿದೆ. ನಾಲ್ಕು ಮನೆಯವರು ಕಟ್ಟಿಕೊಂಡರು. ಒಬ್ಬಾಕೆ ಅದರಲ್ಲಿ ಕೂಸಿಗೆ ಕುಲಾವಿ ಹೊಲಿದಳು.

ಜಿರಲೆ ಹುಡುಗ ಮೂರು ತಿಂಗಳಿಗೆ ಮತ್ತೆ ಬಂದ, ಒಪ್ಪಂದದಲ್ಲಿ ಎರಡು ಸಲ ಇತ್ತು. ನಾನು ಫೋನ್ ಮಾಡಿ ಬೇಡ ಎನ್ನಬಹುದಿತ್ತು. ತಟ್ಟೆ ಈಗ ರಾತ್ರಿಯೇ ತೊಳೆಯುತ್ತೇನೆ, ಸಿಂಕಿನ ಪೈಪಿಗೆ ಜಾಲಿ ಹಾಕಿಸಿದ್ದೇನೆ, ಆದರೂ ಫ್ರಿಜ್ಜಿನ ಹಿಂದೆ ಸಣ್ಣವು ಎರಡು ಓಡಾಡಿದ್ದು ಕಂಡಿತ್ತು.

"ಅಕ್ಕಾರ, ಹೊರಗ ಕುಂದರ್ರಿ," ಅಂದ.

ನಾನು ಕೂಡಲಿಲ್ಲ. ಬ್ಯಾಟರಿ ತಂದು ಅವನ ಪಕ್ಕ ಮೊಣಕಾಲೂರಿ ಫ್ರಿಜ್ಜಿನ ಹಿಂದೆ ಹಿಡಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕೊಳವೆ ಸರಿಮಾಡಿಕೊಂಡು, "ಇನ್ನೊಂಚೂರು ಬಲಕ್ಕ ಹಿಡೀರಿ," ಅಂದ. ಹಿಡಿದೆ.